ಕಾರ್ಖಾನೆ ಪಕ್ಕದಲ್ಲಿದೆ, ರೇಟು ಹಡಗಲ್ಲಿ ಬರುತ್ತದೆ

ಏಪ್ರಿಲ್ ತಿಂಗಳಲ್ಲಿ ಕಾರ್ಕಳ ಕಡೆ ಯಾವ ಹಳ್ಳಿಗೆ ಹೋದರೂ ಗೇರುಹಣ್ಣಿನ ವಾಸನೆ. ಬೆಳಗ್ಗೆ ಆರಕ್ಕೇ ಗುಡ್ಡೆ ಹತ್ತಿ, ಬೀಜ ಹೆಕ್ಕಿ, ಹಣ್ಣನ್ನು ಮರದಡಿಯಲ್ಲೇ ಬಿಟ್ಟು, ಗೋಣಿ ಹೊತ್ತು ಅಂಗಡಿಗೆ ಬಂದವರು ಕೇಳುವುದು ಒಂದೇ ಮಾತು. "ಇವತ್ತು ಎಷ್ಟು?" ಅಂಗಡಿಯವರು ಮೊಬೈಲ್ ನೋಡಿ ರೇಟು ಹೇಳುತ್ತಾರೆ. ನಿನ್ನೆಗಿಂತ ಎರಡು ರೂಪಾಯಿ ಕಡಿಮೆ ಇದ್ದರೆ ಯಾಕೆ ಅಂತ ಕೇಳಿ ಪ್ರಯೋಜನ ಇಲ್ಲ. "ಹೊರಗಿನ ಮಾಲು ಬಂದಿದೆ ಮಾರಾಯ್ರೆ" ಅನ್ನುವ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಅದು ಸುಳ್ಳೂ ಅಲ್ಲ. ಐವರಿ ಕೋಸ್ಟ್, ಟಾಂಜಾನಿಯಾದಂಥ ಆಫ್ರಿಕಾದ ದೇಶಗಳ ಗೇರುಬೀಜ ಮಂಗಳೂರು ಪಣಂಬೂರಿನ ಬಂದರಿನಲ್ಲಿ ಇಳಿಯುತ್ತದೆ. ನಮ್ಮ ದೇಶದ ಗೇರು ಕಾರ್ಖಾನೆಗಳು ಒಡೆಯುವ ಬೀಜದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ಹೀಗಾಗಿ ಹೆಬ್ರಿಯ ಗುಡ್ಡೆಯ ಬೀಜದ ಬೆಲೆಯನ್ನು ಆಫ್ರಿಕಾದ ಮಳೆ, ಡಾಲರ್ ಮತ್ತು ಹಡಗಿನ ಬಾಡಿಗೆ ಸೇರಿ ತೀರ್ಮಾನ ಮಾಡುತ್ತವೆ.

ಆದರೆ ವಿಚಿತ್ರ ನೋಡಿ. ಆ ಅಂಗಡಿಯಿಂದ ಕೂಗಳತೆಯಲ್ಲೇ ಗೇರುಬೀಜದ ಕಾರ್ಖಾನೆ ಇದೆ. ಕರಾವಳಿಯಲ್ಲಿ ಈ ಉದ್ಯಮಕ್ಕೆ ಹತ್ತಿರ ಹತ್ತಿರ ನೂರು ವರ್ಷ. ಮರ ಇಲ್ಲಿದೆ, ಕಾರ್ಖಾನೆ ಇಲ್ಲಿದೆ, ಬಂದರು ಇಲ್ಲಿದೆ. ಗೇರು ಸಂಶೋಧನೆಯ ಕೇಂದ್ರ ಸಂಸ್ಥೆ ಪುತ್ತೂರಿನಲ್ಲಿದೆ. 1978ರಲ್ಲಿ ಶುರುವಾದ ರಾಜ್ಯದ ಗೇರು ಅಭಿವೃದ್ಧಿ ನಿಗಮದ ಮುಖ್ಯ ಕಚೇರಿ ಮಂಗಳೂರಿನಲ್ಲಿದೆ. ಅರಣ್ಯ ಆಧಾರಿತ ಉದ್ಯಮಗಳನ್ನು "ಜೋಡಿಸಿದರೆ" ಹಳ್ಳಿಯವರ ಆದಾಯ ಏರುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಎಲ್ಲಿ ಸಿಗಬೇಕು? ಹಾಗಿದ್ದೂ ಗುಡ್ಡೆ ಹತ್ತಿದವರ ಕೈಗೆ ಬರುವುದು ಒಡೆಯದ ಬೀಜದ ರೇಟು ಮಾತ್ರ.

ಜೋಡಣೆ ಅಂದರೆ ಏನು ಅಂತ ಮೊದಲು ನೋಡೋಣ. ಮರ ಬೆಳೆಸುವುದು ಒಂದು ಕೆಲಸ. ಅದರ ಕಾಯಿ, ಹಾಲು, ಮರದ ದಿಮ್ಮಿಯಿಂದ ಸಾಮಾನು ಮಾಡುವುದು ಎರಡನೆಯದು. ಮಾರಾಟ, ಪ್ರವಾಸ, ಹೋಮ್‌ಸ್ಟೇ ಇವೆಲ್ಲ ಮೂರನೆಯದು. ಈ ಮೂರನ್ನೂ ಒಂದೇ ಊರಲ್ಲಿ, ಆದಷ್ಟು ಒಂದೇ ಜನರ ಕೈಯಲ್ಲಿ ತರಬೇಕು ಅನ್ನುವುದು ಯೋಚನೆ. ಟೋಕಿಯೋ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರಜ್ಞ ನರಾವೊಮಿ ಇಮಾಮುರಾ 1990ರ ದಶಕದಲ್ಲಿ ಇದನ್ನು "ಆರನೇ ಉದ್ಯಮ" ಅಂದರು. ಮೊದಲು ಅವರು ಹಾಕಿದ್ದು ಕೂಡುವ ಲೆಕ್ಕ: ಒಂದು, ಎರಡು, ಮೂರು ಕೂಡಿದರೆ ಆರು. ಆಮೇಲೆ ಅವರೇ ಅದನ್ನು ಗುಣಾಕಾರಕ್ಕೆ ಬದಲಾಯಿಸಿದರು. ಗುಣಿಸಿದರೂ ಆರೇ. ಆದರೆ ಒಂದರ ಜಾಗದಲ್ಲಿ ಸೊನ್ನೆ ಬಂದರೆ, ಅಂದರೆ ಬೆಳೆಯುವವನೇ ಇಲ್ಲವಾದರೆ, ಉತ್ತರವೂ ಸೊನ್ನೆ. ಇದು ನನಗೆ ಬಹಳ ಇಷ್ಟವಾದ ಲೆಕ್ಕ.

ಈ ಮಾತನ್ನು ಕಾಡಿಗೆ ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದ್ದು ಚೀನಾ. ಅಲ್ಲಿ ಕಾಡಿನಿಂದಲೇ ಬದುಕುವ ಹಳ್ಳಿಗರನ್ನು "ಅರಣ್ಯ ರೈತರು" ಅಂತಲೇ ಕರೆಯುತ್ತಾರೆ. ಝೆಜಿಯಾಂಗ್ ಪ್ರಾಂತ್ಯದ ಆಂಜಿ ಕೌಂಟಿ ಬಿದಿರಿಗೆ ಹೆಸರುವಾಸಿ. ಕಳಲೆ ಊಟಕ್ಕೆ, ಗಳ ನೆಲಹಾಸಿಗೆ, ಉಳಿದದ್ದು ಚಾಪೆ, ನಾರು, ಕುರ್ಚಿಗೆ. ಬಿದಿರ ಕಾಡು ನೋಡಲು ಶಾಂಘೈಯಿಂದ ಪ್ರವಾಸಿಗರೂ ಬರುತ್ತಾರೆ. ಆದರೆ ಈ ಕತೆ ಹೇಳುವವರು ಎರಡು ವಿಷಯ ಬಿಟ್ಟುಬಿಡುತ್ತಾರೆ. ಚೀನಾ 2003ರಲ್ಲಿ ಫುಜಿಯಾನ್‌ನಂಥ ಕಡೆ ಆರಂಭಿಸಿ, 2008ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಸುಧಾರಣೆಯಲ್ಲಿ ಸಾಮೂಹಿಕ ಅರಣ್ಯಭೂಮಿಯ ಬಳಕೆಯ ಹಕ್ಕನ್ನು ಮನೆ ಮನೆಗೆ 70 ವರ್ಷದ ಗುತ್ತಿಗೆ ಲೆಕ್ಕದಲ್ಲಿ ಕೊಟ್ಟಿತು. ಆ ಪತ್ರ ಇಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು. ಉದ್ಯಮ ಜೋಡಣೆಯ ಮಾತು ಜೋರಾದದ್ದು ಅದರ ನಂತರ. ಎರಡನೆಯದು, ಇಷ್ಟೆಲ್ಲ ಇದ್ದೂ ಆಂಜಿಯಲ್ಲಿ ಬಿದಿರು ಗಳದ ಬೆಲೆ ಬಿತ್ತು, ಕೂಲಿ ಏರಿತು, ಕಡಿದರೆ ನಷ್ಟ ಅಂತ ಎಷ್ಟೋ ಜನ ಕಡಿಯುವುದನ್ನೇ ಬಿಟ್ಟರು. ಕಾರ್ಖಾನೆ, ಪ್ರವಾಸ ಎರಡೂ ಚೆನ್ನಾಗಿ ನಡೆಯುತ್ತಿರುವಾಗಲೇ ಗುಣಾಕಾರದ ಮೊದಲ ಅಂಕಿ ಸಣ್ಣದಾಗುತ್ತಿತ್ತು.

ಇನ್ನು ನಮ್ಮ ಗುಡ್ಡೆಗೆ ಬರೋಣ.

ಒಂದು ಕಿಲೋ ಗೇರು ತಿರುಳು ಬರಬೇಕಾದರೆ ಮೂರೂವರೆಯಿಂದ ನಾಲ್ಕು ಕಿಲೋ ಬೀಜ ಬೇಕು. ಎಷ್ಟು ತಿರುಳು ಸಿಗುತ್ತದೆ ಅನ್ನುವುದು ಬೀಜದ ಗುಣಮಟ್ಟದ ಮೇಲೆ ಹೋಗುತ್ತದೆ. ಆಫ್ರಿಕಾದ ಬೀಜ ಕೊಳ್ಳುವಾಗ ಕಾರ್ಖಾನೆಯವರು ಮಾದರಿ ತೆಗೆದು, ಕತ್ತರಿಸಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಅಂತ ನೋಡುತ್ತಾರೆ. ಆ ಅಂಕಿಗೆ ತಕ್ಕಂತೆ ಬೆಲೆ. ಒಂದೆರಡು ಪೌಂಡ್ ಹೆಚ್ಚುಕಡಿಮೆ ಆದರೂ ಜಗಳವೇ ನಡೆಯುತ್ತದೆ. ನಮ್ಮ ಹಳ್ಳಿ ಅಂಗಡಿಯಲ್ಲಿ? ತಕ್ಕಡಿ ಒಂದೇ. ಭಾಸ್ಕರ, ಉಳ್ಳಾಲ ತಳಿಯ ಕಸಿ ಗಿಡ ನೆಟ್ಟು, ಗೊಬ್ಬರ ಹಾಕಿ, ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟದ ಕಾಟದಿಂದ ಹೂ ಉಳಿಸಿಕೊಂಡವನ ದಪ್ಪ ಬೀಜಕ್ಕೂ, ಅಜ್ಜನ ಕಾಲದ ಕಾಡು ಗೇರಿನ ಸಣ್ಣ ಬೀಜಕ್ಕೂ ಹೆಚ್ಚಿನ ಕಡೆ ಒಂದೇ ರೇಟು. ಒಣಗಿದ್ದಕ್ಕೂ ಹಸಿಗೂ ಮಾತ್ರ ಸ್ವಲ್ಪ ವ್ಯತ್ಯಾಸ, ಅದೂ ಅಂಗಡಿಯವರು ಕೈಯಲ್ಲಿ ಹಿಡಿದು ಅಲುಗಾಡಿಸಿ ಹೇಳಿದ ಲೆಕ್ಕ. ದೂರದ ಬೆಳೆಗಾರನ ಮಾಲಿಗೆ ಅಳತೆ ಇದೆ, ಪಕ್ಕದ ಬೆಳೆಗಾರನ ಮಾಲಿಗೆ ಇಲ್ಲ!

ಬೀಜವನ್ನು ಎರಡು ಮೂರು ದಿನ ಒಳ್ಳೆ ಬಿಸಿಲಲ್ಲಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾದರೆ ರೇಟು ಏರುವ ತನಕ ಕಾಯಬಹುದಲ್ವಾ? ಕಾಯಬಹುದು, ಕಾಯಲು ಶಕ್ತಿ ಇದ್ದವರು. ನನ್ನ ಪರಿಚಯದ ಒಬ್ಬರು ತಾರಸಿಯಲ್ಲಿ ಒಣಗಿಸಿ, ಚೀಲ ಕಟ್ಟಿಟ್ಟು, ಸಮಯ ನೋಡಿ ಕೊಡುತ್ತಾರೆ. ಅವರ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಮನೆಗೆ ತಾರಸಿ ಇದೆ. ಅವರ ಕೆಳಗಿನ ಮನೆಯವರು ಅವತ್ತಿನ ಬೀಜವನ್ನು ಅವತ್ತೇ ಕೊಡುತ್ತಾರೆ. ಅಂಗಡಿಯಲ್ಲಿ ಅಕ್ಕಿ, ಮೀನಿನ ಸಾಲ ಇರುತ್ತದೆ, ಹಂಚಿನ ಮಾಡಿನ ಮನೆಗೆ ಒಣಗಿಸುವ ಅಂಗಳ ಅಂತ ಸರಿಯಾಗಿ ಇಲ್ಲ, ಏಪ್ರಿಲ್ ಕೊನೆಗೆ ಒಂದು ಮಳೆ ಬಿದ್ದರೆ ಬೀಜ ಕಪ್ಪಾಗುತ್ತದೆ. ಒಂದೇ ಗುಡ್ಡೆಯ ಬೀಜ, ಎರಡು ಆದಾಯ. ನಡುವೆ ಇರುವುದು ಒಂದು ತಾರಸಿ.

ಹಣ್ಣಿನ ಕತೆ ಬೇರೆ. ಬೀಜಕ್ಕಿಂತ ಹಲವು ಪಟ್ಟು ತೂಗುವ ಹಣ್ಣು ಗುಡ್ಡೆಯಲ್ಲೇ ಕೊಳೆಯುತ್ತದೆ. ಗೋವಾದವರು ಅದರಿಂದ ಫೆನಿ ಅನ್ನುವ ಮದ್ಯ ಮಾಡಿ 2009ರಲ್ಲಿ ಭೌಗೋಳಿಕ ಸೂಚ್ಯಂಕವನ್ನೂ ಪಡೆದರು. ನಮ್ಮಲ್ಲಿ ಅಬಕಾರಿ ಕಾನೂನು ಬೇರೆ. ಜ್ಯೂಸು, ಜಾಮು ಮಾಡಬಹುದು ಅಂತ ತರಬೇತಿ ಕೊಡುತ್ತಾರೆ. ಆದರೆ ಹಣ್ಣು ಬಿದ್ದ ದಿನವೇ ಹುಳಿಯಲು ಶುರು. ಕಲೆಕ್ಷನ್ ಗಾಡಿ ದಿನಾ ಗುಡ್ಡೆ ಬುಡಕ್ಕೆ ಬರದೆ ಈ ತರಬೇತಿಯಿಂದ ಏನೂ ಆಗುವುದಿಲ್ಲ.

ಹಾಗಂತ ಜೋಡಣೆಯೇ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಇದೇ ನೆಲದಲ್ಲಿ ಅದು ಗೆದ್ದ ಉದಾಹರಣೆಯೂ ಇದೆ, ಕೊಕ್ಕೋ. ಅದು ಕಾಡಿನದ್ದಲ್ಲ, ಅಡಿಕೆ ತೋಟದ ನೆರಳಿನ ಬೆಳೆ. ಆದರೆ ಪಾಠ ಮಾತ್ರ ನಮಗೆ ಬೇಕಾದ್ದೇ. 1970ರ ದಶಕದಲ್ಲಿ ದೊಡ್ಡ ಖಾಸಗಿ ಕಂಪನಿಯ ಉತ್ತೇಜನದಿಂದ ದಕ್ಷಿಣ ಕನ್ನಡ, ಕಾಸರಗೋಡು ಕಡೆ ಜನ ಕೊಕ್ಕೋ ನೆಟ್ಟರು. 1980ರ ಸುಮಾರಿಗೆ ಬೆಲೆ ಬಿದ್ದು ಖರೀದಿ ನಿಂತಾಗ ಗಿಡ ಕಡಿಯುವ ಪರಿಸ್ಥಿತಿ. ಆಗ ಕೈಹಿಡಿದದ್ದು ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡಿದ್ದ ಕ್ಯಾಂಪ್ಕೋ. ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಅಡಿಕೆಗೆ ಅಂತ ಹುಟ್ಟಿದ ಸಹಕಾರಿ ಸಂಘ ಚಾಕೊಲೇಟ್ ಮಾಡಿದ್ದು ಆ ಕಾಲಕ್ಕೆ ಹುಚ್ಚು ಸಾಹಸವೇ.

ಗೇರಿಗೂ ಕೊಕ್ಕೋಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಎರಡಕ್ಕೂ ಕಾರ್ಖಾನೆ ಹತ್ತಿರದಲ್ಲೇ ಇದೆ. ಆದರೆ ಒಂದರಲ್ಲಿ ಬೆಳೆಗಾರ ಬಾಗಿಲ ಹೊರಗೆ ನಿಂತು ಮಾಲು ಕೊಟ್ಟು ಹೋಗುವವನು. ಇನ್ನೊಂದರಲ್ಲಿ ಅವನೇ ಸದಸ್ಯ. ರೇಟು ಏರಿಸುವುದು ಸಹಕಾರಿಯ ಕೈಯಲ್ಲೂ ಇಲ್ಲ, ಅದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆ ನೋಡಿಯೇ ನಡೆಯಬೇಕು. ಆದರೆ ಬಿದ್ದಾಗ ಕೊಳ್ಳುವವರು ಒಬ್ಬರು ಇರುತ್ತಾರೆ, ಪಕ್ಕದ ಖಾಸಗಿ ವ್ಯಾಪಾರಿಯೂ ಅದಕ್ಕಿಂತ ತೀರಾ ಕೆಳಗೆ ಇಳಿಯುವ ಹಾಗಿಲ್ಲ. 2024ರಲ್ಲಿ ಕೊಕ್ಕೋ ಟನ್ನಿಗೆ 10 ಸಾವಿರ ಡಾಲರ್ ದಾಟಿದಾಗ ಅದರ ಬಿಸಿ ನಮ್ಮ ತೋಟಗಳಿಗೂ ತಟ್ಟಿತು. ಮಂಗನ ಕಾಟ ತಾಳಲಾರದೆ ಗಿಡ ಕಡಿದಿದ್ದವರು ಆಗ ತಲೆ ಚಚ್ಚಿಕೊಂಡರು, ಅದು ಬೇರೆ ಮಾತು.

ರಬ್ಬರಿನದು ಇವೆರಡರ ನಡುವಿನ ಕತೆ. ಸುಳ್ಯ, ಬೆಳ್ತಂಗಡಿ, ಕುಂದಾಪುರದ ಒಳನಾಡಿನಲ್ಲಿ ರಬ್ಬರ್ ಇದೆ. ಉಜಿರೆಯಲ್ಲಿ ಬೆಳೆಗಾರರದ್ದೇ ಸಹಕಾರಿ ಸಂಘ ಇದೆ, ಶೀಟಿಗೆ ಗ್ರೇಡ್ ನೋಡಿಯೇ ರೇಟು. 2011ರಲ್ಲಿ ಕಿಲೋಗೆ 240 ರೂಪಾಯಿ ಮುಟ್ಟಿದ ಶೀಟು 2016ರ ಆರಂಭಕ್ಕೆ 100ಕ್ಕಿಂತ ಕೆಳಗೆ ಇಳಿಯಿತು, ಟ್ಯಾಪಿಂಗ್ ನಿಲ್ಲಿಸಿದವರು ಬಹಳ. ಆದರೆ ಹಾಲು ಬತ್ತಿದ ಮರದ ಲೆಕ್ಕವನ್ನು ಯಾರೂ ಸರಿಯಾಗಿ ಮಾತಾಡುವುದಿಲ್ಲ. 25-30 ವರ್ಷದ ರಬ್ಬರ್ ತೋಟ ಕಡಿದಾಗ ಬಹಳಷ್ಟು ಮರ ಲಾರಿ ಹತ್ತಿ ಕೇರಳದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಕಡಿದ ಕೂಡಲೇ ಔಷಧಿ ಹಾಕಿ ಒಣಗಿಸದಿದ್ದರೆ ಈ ಮರಕ್ಕೆ ಹುಳ, ಬೂಸ್ಟು ಹಿಡಿಯುತ್ತದೆ. ಅದಕ್ಕೇ ಆತುರ, ಆತುರಕ್ಕೇ ಅಗ್ಗ. ಆಮೇಲೆ ಅದೇ ಮರ ಪೀಠೋಪಕರಣವಾಗಿ ಮಂಗಳೂರಿನ ಶೋರೂಮಿಗೆ ವಾಪಸು ಬರುತ್ತದೆ.

ಮರ ಮಾರುವ ವಿಷಯದಲ್ಲಿ ನಮ್ಮ ಮನೆಯದ್ದೇ ಒಂದು ಅನುಭವ ಹೇಳುತ್ತೇನೆ. ಗುಡ್ಡೆಯ ಒಂದು ಬದಿಯಲ್ಲಿ ಅಪ್ಪ ಮ್ಯಾಂಜಿಯಂ, ಅಂದರೆ ಬೇಗ ಬೆಳೆಯುವ ಒಂದು ಜಾತಿಯ ಅಕೇಶಿಯಾ, ನೆಟ್ಟಿದ್ದರು. ಹನ್ನೆರಡು ವರ್ಷ ಆದ ಮೇಲೆ ಒಬ್ಬ ಮರದ ವ್ಯಾಪಾರಿ ಬಂದ. ಒಂದು ಸುತ್ತು ನಡೆದ, ಎರಡು ಮೂರು ಮರವನ್ನು ತಬ್ಬಿ ನೋಡಿದ, ನಿಂತಲ್ಲೇ ಒಂದು ಮೊತ್ತ ಹೇಳಿದ. ಅಪ್ಪ ಅದಕ್ಕೆ ಹತ್ತು ಸಾವಿರ ಸೇರಿಸಿ ಕೇಳಿದರು, ಅವನು ಐದು ಸೇರಿಸಿದ, ವ್ಯಾಪಾರ ಮುಗಿಯಿತು. ಚಾ ಕುಡಿದು ಮುಂಗಡ ಕೊಟ್ಟು ಹೋದ. ಕಡಿದ ದಿನ ನಾನು ನೋಡಿದೆ. ದಪ್ಪದ ಬುಡ ಒಂದು ರಾಶಿ, ಅದು ಸಾ ಮಿಲ್ಲಿಗೆ. ನಡುವಿನದು ಒಂದು ರಾಶಿ, ಅದು ಕಾಗದದ ಪಲ್ಪಿಗೆ. ಕೊಂಬೆ ತುದಿ ಎಲ್ಲ ಸೌದೆಗೆ. ಮೂರಕ್ಕೂ ಮೂರು ರೇಟು ಇತ್ತು. ನಾವು ಮಾರಿದ್ದು ಮಾತ್ರ ಒಂದೇ ರೇಟಿಗೆ, ಅದೂ ಕಣ್ಣಂದಾಜಿನಲ್ಲಿ. ಸುತ್ತಳತೆ ತೆಗೆಯುವ ಟೇಪಿಗೆ ಐವತ್ತು ರೂಪಾಯಿ ಇರಬಹುದು. ಹನ್ನೆರಡು ವರ್ಷ ಮರ ಬೆಳೆಸಿದವರಿಗೆ ಅದನ್ನು ತರಬೇಕು ಅಂತ ಹೊಳೆಯಲಿಲ್ಲ.

ಹಾಗಾಗಿ ನನ್ನ ವಾದ ಸರಳ. ಆದಾಯ ಎಲ್ಲಿ ಸೋರುತ್ತದೆ ಅಂದರೆ ಗುಡ್ಡೆಗೂ ಲಾರಿಗೂ ನಡುವಿನ ಮೊದಲ ನೂರು ಮೀಟರಿನಲ್ಲಿ. ಒಣಗಿಸುವ ಅಂಗಳ, ಗೋದಾಮು, ತೂಕ, ಅಳತೆ, ಗ್ರೇಡ್, ಅಕ್ಕಿ ಸಾಲಕ್ಕೆ ಬದಲು ಸೊಸೈಟಿಯಿಂದ ಮಾಲಿನ ಮೇಲೆ ಸಣ್ಣ ಸಾಲ. ಇವುಗಳಲ್ಲಿ ಯಾವುದಕ್ಕೂ ಕೈಗಾರಿಕಾ ಪಾರ್ಕ್ ಬೇಡ, ಕ್ಲಸ್ಟರ್ ಬೇಡ. ಆದರೆ ಇದಕ್ಕೆ ಶಂಕುಸ್ಥಾಪನೆ ಮಾಡಿ ಫೋಟೋ ತೆಗೆಸಿಕೊಳ್ಳುವುದು ಕಷ್ಟ. ಕೋಟಿಗಟ್ಟಲೆಯ ಘಟಕದ ಮುಂದೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ.

ಇದಕ್ಕಿಂತ ಆಳದಲ್ಲಿ ಇನ್ನೊಂದು ಗಂಟು ಇದೆ, ಅದು ಜಾಗದ್ದು. ಅವಿಭಜಿತ ದಕ್ಷಿಣ ಕನ್ನಡದವರಿಗೆ ಕುಮ್ಕಿ ಅಂದರೆ ವಿವರಿಸಬೇಕಿಲ್ಲ. ಹೊರಗಿನವರಿಗಾಗಿ: ಹಳೆಯ ವರ್ಗ ಜಾಗದ, ಅಂದರೆ ರೈತನ ಹೆಸರಿನಲ್ಲೇ ಇರುವ ಸ್ವಂತ ಜಮೀನಿನ, ಸುತ್ತ 100 ಗಜದೊಳಗಿನ ಸರ್ಕಾರಿ ಭೂಮಿ. ಸೊಪ್ಪು, ಸೌದೆ, ಹುಲ್ಲು ತರುವ ಸೌಲಭ್ಯ ವರ್ಗದಾರನಿಗೆ, ಒಡೆತನ ಸರ್ಕಾರಕ್ಕೆ. ಗದ್ದೆ ತೋಟ ವರ್ಗದಲ್ಲಿ ಇರುತ್ತದೆ. ಗೇರು, ಮಾವು, ಹಲಸು, ಮ್ಯಾಂಜಿಯಂ ಇರುವುದು ಹೆಚ್ಚಾಗಿ ಗುಡ್ಡೆಯಲ್ಲಿ, ಅಂದರೆ ಕುಮ್ಕಿಯಲ್ಲಿ. ಮೂರು ತಲೆಮಾರು ಮರ ನೆಟ್ಟು ನೋಡಿಕೊಂಡಿದ್ದರೂ ಪಹಣಿಯಲ್ಲಿ ಹೆಸರಿಲ್ಲ. ಹೆಸರಿಲ್ಲದ ಜಾಗದ ಮರಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಕಂಪನಿ ಒಪ್ಪಂದ ಮಾಡುವುದಿಲ್ಲ, ಕಡಿಯಲು ಹೋದರೆ ಕೇಸು. ಪಟ್ಟಾ ಜಾಗದಲ್ಲಾದರೂ ಗಾಳಿ ಮರ, ರಬ್ಬರ್, ಸಿಲ್ವರ್ ಓಕ್‌ಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ತೇಗ, ಬೀಟೆಗೆ ಅನುಮತಿ ಬೇಕೇ ಬೇಕು. ಹಾಗಾಗಿ ಜನ ಬೇಗ ಬೆಳೆಯುವ, ಕಡಿಯಲು ತಕರಾರಿಲ್ಲದ ಅಗ್ಗದ ಮರ ನೆಡುತ್ತಾರೆ. ಬೆಲೆಬಾಳುವ ಮರ ತಾನಾಗಿ ಹುಟ್ಟಿದರೂ ಎಳೆಯ ಗಿಡವಾಗಿರುವಾಗಲೇ ಕತ್ತಿ ಬೀಸುತ್ತಾರೆ. ಕಾಡು ಉಳಿಸಲು ಮಾಡಿದ ಕಾನೂನಿನ ಎದುರು ರೈತ ಹಾಕುವ ಲೆಕ್ಕ ಇದು, ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸರ್ಕಾರ ಪ್ರೋತ್ಸಾಹ ಕೊಡುವುದೇ ಇಲ್ಲ ಅಂತಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಒಂದು ಗಿಡಕ್ಕೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಸಿಗುತ್ತದೆ. 2017ರಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕೇಂದ್ರ ಸರ್ಕಾರ "ಮರ"ದ ಪಟ್ಟಿಯಿಂದ ತೆಗೆದುಹಾಕಿತು. ಒಳ್ಳೆಯದೇ. ಆದರೆ ನೆಡಲು ಸ್ವಂತ ಜಾಗ ಇದ್ದವರಿಗೆ ಅದು ಒಳ್ಳೆಯದು.

ಜಾಗವೇ ಇಲ್ಲದವರು? ಬುಟ್ಟಿ ಹೆಣೆಯುವ ಕೊರಗರು, ಕುದುರೆಮುಖದ ಬುಡದ ಮಲೆಕುಡಿಯರು. ಬಿದಿರು, ಬುಟ್ಟಿ ಹೆಣೆಯುವ ಕಾಡುಬಳ್ಳಿ, ಜೇನು, ಸೀಗೆ, ರಾಂಪತ್ರೆ (ಕಾಡು ಜಾಯಿಪತ್ರೆ) ಇವರ ಬದುಕು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಅವರಿಗೆ ಒಡೆತನದ ಹಕ್ಕನ್ನೇ ಕೊಟ್ಟಿದೆ, ಬಿದಿರೂ ಅದರಲ್ಲಿ ಸೇರಿದೆ. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಜೋಡಣೆ ಇಲ್ಲ. ಆದರೆ ಬುಟ್ಟಿಯನ್ನು ಪ್ಲಾಸ್ಟಿಕ್ ನುಂಗಿದೆ, ಬಿದಿರು ಇರುವ ಕಾಡಿಗೆ ಹೋಗುವ ದಾರಿಯಲ್ಲಿ ಗೇಟು ಬಿದ್ದಿದೆ. ಕಾಡಿನ ಉತ್ಪನ್ನ ಸಂಗ್ರಹಿಸುವ ಬುಡಕಟ್ಟು ಜನರಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ವನ್ ಧನ್ ಕೇಂದ್ರಗಳ ಲೆಕ್ಕ ನೋಡಿ. ಸುಮಾರು 300 ಸಂಗ್ರಹಕಾರರ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿ. ತಲೆಗೆ 5 ಸಾವಿರ ಬಂತು. ತರಬೇತಿ, ಯಂತ್ರ, ಪ್ಯಾಕೆಟ್, ಲೇಬಲ್ ಎಲ್ಲ ಅದರಲ್ಲೇ. ಯಾರು ಹಾಕಿದ ಲೆಕ್ಕವೋ ಏನೋ.

ಉಪ್ಪಾಗೆಯ ಕತೆ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಮೀನು ಸಾರಿಗೆ ಹಾಕುತ್ತಿದ್ದ ಈ ಹುಳಿ 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಯ ಕಚ್ಚಾವಸ್ತುವಾಗಿ ವಿದೇಶಕ್ಕೆ ಹೊರಟಿತು. ಘಟ್ಟದ ಬದಿಯಲ್ಲಿ ಒಮ್ಮೆಲೇ ಬೆಲೆ. ಮುಂಚೆ ಹಣ್ಣಾಗಿ ಬಿದ್ದದ್ದನ್ನು ಹೆಕ್ಕುತ್ತಿದ್ದವರು ಬೇರೆಯವರು ಕೊಯ್ದಾರು ಅಂತ ಎಳೆ ಕಾಯಿಯನ್ನೇ ಕೊಯ್ದರು. ಒಣಗಿಸಲು ಅದೇ ಕಾಡಿನ ರಾಶಿ ರಾಶಿ ಸೌದೆ ಉರಿಯಿತು. ಆಮೇಲೆ ಬೇಡಿಕೆ ಇಳಿಯಿತು. ಮಾತ್ರೆ ಮಾಡುವವನಿಗೂ ಮರ ಹತ್ತುವವನಿಗೂ ನಡುವೆ ಇದ್ದ ಕೈಗಳು ಬೇರೆ ಸರಕಿಗೆ ಹೋದವು, ಮರ ಹತ್ತುವವನು ಅಲ್ಲೇ ಉಳಿದ. ಮಾರುಕಟ್ಟೆಗೆ ಜೋಡಿಸುವುದು ಅಂದರೆ ಅದರ ಏರಿಳಿತಕ್ಕೂ ಜೋಡಿಸುವುದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆ ತಟ್ಟೆಯ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ನಮ್ಮ ಹಾಳೆ ತಟ್ಟೆಯ ಸಣ್ಣ ಘಟಕಗಳವರು ಇದನ್ನು ಕಲಿತರು. ಅಲ್ಲಿಯ ತನಕ ಅದು ಎಲ್ಲರ ಭಾಷಣದಲ್ಲಿ ಮೌಲ್ಯವರ್ಧನೆಯ ಮಾದರಿಯಾಗಿತ್ತು.

ಕೆಲವು ಜೋಡಣೆಯ ಬೆಲೆ ರೂಪಾಯಿಯಲ್ಲಿ ಸಿಗುವುದೂ ಇಲ್ಲ. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಸುತ್ತ ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು ಉತ್ಪಾದನೆ ಹೆಚ್ಚಿಸಲು. ದೇಶದಲ್ಲಿ ಆ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಯನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಊರುಗಳ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ಅಮ್ಮಂದಿರ ಕೂಲಿಯನ್ನು ಯಾವ ಜೋಡಣೆಯ ಲೆಕ್ಕದಲ್ಲಿ ಬರೆಯುವುದು?

ಹೋಮ್‌ಸ್ಟೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಸ್ತೆ ಬದಿಯಲ್ಲಿ ಮನೆ, ಹೆಚ್ಚಿನ ಕೋಣೆ, ಬಾತ್‌ರೂಮು ಕಟ್ಟಿಸಲು ದುಡ್ಡು ಇದ್ದವರಿಗೆ ಅದು ಆದಾಯ. ಉಳಿದವರಿಗೆ ಶನಿವಾರ, ಭಾನುವಾರ ಪಾತ್ರೆ ತೊಳೆಯುವ ಕೆಲಸ. ಅದೂ ಕೆಲಸವೇ, ಅಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅರಣ್ಯ ರೈತರ ಆದಾಯ ಅಂತ ವರದಿಯಲ್ಲಿ ಬರೆಯುವಾಗ ಯಾರ ಹೆಸರಿಗೆ ಎಷ್ಟು ಅಂತ ಬಿಡಿಸಿ ಬರೆಯಬೇಕು. ಸರಾಸರಿ ತೆಗೆದರೆ ತಾರಸಿ ಮನೆಯೂ ಅದರ ಕೆಳಗಿನ ಮನೆಯೂ ಒಂದೇ ಆಗಿ ಕಾಣುತ್ತವೆ.

ಕಳೆದ ವಾರ ಊರಿಗೆ ಹೋಗಿದ್ದೆ. ಕೆಳಗಿನ ಮನೆಯ ಅಕ್ಕ ಮೇಲಿನ ಮನೆಯವರ ತಾರಸಿಯಲ್ಲಿ ಬೀಜ ಹರಡಿದ್ದರು. "ಒಣಗಿಸಿ ಕೊಟ್ಟರೆ ಕಿಲೋ ಮೇಲೆ ಸ್ವಲ್ಪ ಜಾಸ್ತಿ ಸಿಗ್ತದಂತೆ, ಹಾಗೆ ಕೇಳಿದೆ, ಆಯ್ತು ಹೇಳಿದ್ರು" ಅಂದರು. ಬಾಡಿಗೆ ಏನೂ ಇಲ್ಲ, ಸಂಜೆ ಇಬ್ಬರದ್ದೂ ಬೀಜ ಅಕ್ಕನೇ ಗುಡಿಸಿ ಚೀಲಕ್ಕೆ ತುಂಬಬೇಕು ಅಷ್ಟೇ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಮಾತಾಡುತ್ತಲೇ ಅವರು ಪೊರಕೆ ತೆಗೆದುಕೊಂಡರು.